ಕಂಪೌಂಡ್ ಇಲ್ಲದ ಮನೆಯ ಅಕ್ಟೋಬರ್ ಹೂ

ಅಮೆರಿಕದಿಂದ ಬಂದವರನ್ನು ಎಲ್ಲರೂ ಕೇಳುವುದು ಒಂದೇ ಪ್ರಶ್ನೆ, ಏನೇನು ನೋಡಿದಿರಿ ಎಂದು. ನಾನು ಮೂರು ವಾರ ಟೆಕ್ಸಸ್‌ನಲ್ಲಿದ್ದೆ. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಊರು ಕಂಡೆ. ಎತ್ತರದ ಕಟ್ಟಡಗಳೂ ಅಗಲದ ರಸ್ತೆಗಳೂ ಆಗಲೇ ಒಂದರೊಳಗೊಂದು ಕಲಸಿಹೋಗಿವೆ. ಸ್ಪಷ್ಟವಾಗಿ ನೆನಪಿರುವುದು ಒಂದು ನೇರಳೆ ಹೂವಿನ ಗಿಡ ಮತ್ತು ಅದರ ಹೂ ಕಳುವಾದದ್ದು. ಕದ್ದವಳು ನಾನೇ. ಅದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಸಲೀಸು.

ನಾನು ಧಾರವಾಡದ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಮೂವತ್ತನಾಲ್ಕು ವರ್ಷ ಸಸ್ಯಶಾಸ್ತ್ರ ಕಲಿಸಿದವಳು. ನಿವೃತ್ತಿಯಾಗಿ ನಾಲ್ಕು ವರ್ಷದ ಮೇಲೆ, ೨೦೧೬ರ ಅಕ್ಟೋಬರ್‌ನಲ್ಲಿ, ತಂಗಿ ವಿಜಯಾಳ ಮನೆಗೆಂದು ಹೊರಟೆ.

ಡಲ್ಲಾಸ್

ಮೊದಲು ಇಳಿದದ್ದು ಡಲ್ಲಾಸ್‌ನಲ್ಲಿ, ನನ್ನ ಹಳೆಯ ವಿದ್ಯಾರ್ಥಿನಿ ಸವಿತಾಳ ಮನೆಯಲ್ಲಿ. ಬಿ.ಎಸ್ಸಿ.ಯಲ್ಲಿ ಬಾಟನಿ ಓದಿ ಆಮೇಲೆ ಕಂಪ್ಯೂಟರಿಗೆ ಹೋದ ಹುಡುಗಿ. ಈಗ ಅವಳಿಗೂ ತಲೆಯಲ್ಲಿ ನಾಲ್ಕು ಬಿಳಿ ಕೂದಲು. ಕಾರಿನಿಂದ ಇಳಿದವಳೇ ನಾನು ಗೇಟು ಹುಡುಕಿದೆ. ಗೇಟಿಲ್ಲ. ಗೇಟಿಗೆ ಗೋಡೆಯೇ ಇಲ್ಲ. ಹುಲ್ಲು ರಸ್ತೆಯಿಂದ ಶುರುವಾಗಿ ಸೀದಾ ಬಾಗಿಲಿಗೆ ಬಂದು ನಿಂತಿತ್ತು. ಪಕ್ಕದ ಮನೆಯ ಹುಲ್ಲೂ ಹಾಗೇ ಬಂದು ಇದರಲ್ಲಿ ಸೇರಿತ್ತು.

"ಕಂಪೌಂಡ್ ಎಲ್ಲಿ ಸವಿತಾ?"

"ಮನೀ ಮುಂದ ಯಾರೂ ಕಟ್ಟಂಗಿಲ್ರಿ ಮೇಡಮ್ಮರ. ಹಿಂದ ಇರ್ತದ."

"ಮತ್ತ ನಿಂದು ಎಲ್ಲಿಗೆ ಮುಗೀತದ, ಅವರದು ಎಲ್ಲಿಂದ ಶುರು?"

"ಎಲ್ಲಾರಿಗೂ ಗೊತ್ತಿರ್ತದರಿ," ಎಂದಳು. ಎಲ್ಲರಿಗೂ ಗೊತ್ತಿರುವುದು ನನಗೆ ಗೊತ್ತಿರಲಿಲ್ಲ. ಮುಂದಿನ ರಾದ್ಧಾಂತಕ್ಕೆಲ್ಲ ಮೂಲ ಅಲ್ಲೇ ಇದೆ.

ಊಟಕ್ಕೆ ಕೂತಾಗ ಸವಿತಾ ಹಳೆಯ ಸೇಡು ತೀರಿಸಿಕೊಂಡಳು. ಗಿಡವನ್ನು ಒಣಗಿಸಿ, ದಪ್ಪ ಹಾಳೆಗೆ ಅಂಟಿಸಿ, ಮೂಲೆಯಲ್ಲಿ ಚೀಟಿ ಹಚ್ಚಿ ಇಡುವುದಕ್ಕೆ ಹರ್ಬೇರಿಯಂ ಶೀಟು ಎನ್ನುತ್ತೇವೆ. ಪ್ರತಿ ಹುಡುಗಿಯೂ ವರ್ಷಕ್ಕೆ ಇಪ್ಪತ್ತು ಮಾಡಬೇಕಿತ್ತು.

"ನನ್ನ ಶೀಟೆಲ್ಲಾ ನೀವು ವಾಪಸ್ ಒಗದಿದ್ರಿ, ನೆನಪದ ಏನ್ರಿ? ಚೀಟಿಮ್ಯಾಲೆ ಸಂಗ್ರಹಿಸಿದವರ ಹೆಸರು ಬರದಿಲ್ಲ ಅಂತ."

"ಒಗದಿರಬೇಕು. ಯಾರು ಕಿತ್ತರು, ಎಲ್ಲಿ ಕಿತ್ತರು, ಯಾವತ್ತು ಕಿತ್ತರು ಅಂತ ಇಲ್ಲದ ಶೀಟು ರದ್ದಿ."

"ಇನ್ನೊಂದು ಗೊತ್ತಾಗಿರಲಿಲ್ಲ ನಿಮಗ. ಅವನ್ನ ಹಿಂದಿನ ದಿನ ಇಸ್ತ್ರಿ ಮಾಡಿ ಒಣಗಿಸಿದ್ದೆ."

ಗೊತ್ತಾಗಿತ್ತು. ಇಸ್ತ್ರಿ ಪೆಟ್ಟಿಗೆಗೆ ಸಿಕ್ಕ ಎಲೆಯ ಅಂಚು ಕಂದಾಗುತ್ತದೆ. ಆದರೆ ಇಷ್ಟು ವರ್ಷದ ಮೇಲೆ ಅವಳ ಖುಷಿ ಕೆಡಿಸುವುದೇಕೆ ಎಂದು ಸುಮ್ಮನಾದೆ.

ಮರುದಿನ ಪಾರ್ಕಿಗೆ ಕರೆದುಕೊಂಡು ಹೋದಳು. ಮರಗಳ ಅಂಚಿನಲ್ಲಿ ತೆಳು ನೇರಳೆ ಬಣ್ಣದ ಹೂ, ನಡುವೆ ಹಳದಿ ಬೊಟ್ಟು. "ಆಸ್ಟರ್," ಎಂದೆ ಗಟ್ಟಿಯಾಗಿ. ನಮ್ಮ ಮಾರ್ಕೆಟ್ಟಿನಲ್ಲಿ ಹಾರಕ್ಕೆ ಹಾಕುವ ಆಸ್ಟರ್ ಹೂವಿನ ಬಡ ಸಂಬಂಧಿಯಂತಿತ್ತು. ಕಳೆ ಕೀಳುತ್ತಿದ್ದ ಮುದುಕರೊಬ್ಬರು, ಪಾರ್ಕಿನ ಸ್ವಯಂಸೇವಕರಂತೆ, ತಲೆಯೆತ್ತಿ ನೋಡಿದರು.

"ಮೊದಲು ಆಸ್ಟರ್ ಆಗಿತ್ತು," ಎಂದರು. "ಅಮೆರಿಕದ ಇಂಥ ಹೂಗಳನ್ನೆಲ್ಲ ಆ ಕುಲದಿಂದ ಬೇರೆ ಮಾಡಿ ಇಪ್ಪತ್ತು ವರ್ಷವಾಯಿತು. ಈಗ ಹೆಸರು ಇಷ್ಟುದ್ದ." ಹೇಳಿದ ಹೆಸರು ನಿಜಕ್ಕೂ ಉದ್ದವೇ ಇತ್ತು, ಸಿಂಫಿಯೋಟ್ರೈಕಮ್ ಅಂತ. ಆ ಇಪ್ಪತ್ತು ವರ್ಷದಲ್ಲಿ ಹದಿನಾರು ವರ್ಷ ನಾನು ಕ್ಲಾಸಿನಲ್ಲಿ ಹಳೆಯದನ್ನೇ ಹೇಳಿಕೊಂಡು ಬಂದಿದ್ದೆ. ಸವಿತಾ ಬೇರೆ ಕಡೆ ನೋಡಿ ನಗುತ್ತಿದ್ದಳು.

ಮುದುಕರು ಒಳ್ಳೆಯವರು. ನೇರಳೆ ಎಸಳು ನೋಡಿ ಮೋಸ ಹೋಗಬೇಡಿ, ಎಸಳು ಎಲ್ಲದರದೂ ಒಂದೇ ಥರ ಎಂದರು. ಬುಡದ ಎಲೆ ನೋಡಬೇಕು; ಈ ಗಿಡಕ್ಕೆ ಅದು ಹೃದಯದ ಆಕಾರ. ಹೂವನ್ನು ಮಗುಚಿ ಕೆಳಗಿನ ಸಣ್ಣ ಹಸಿರು ಎಲೆಗಳನ್ನು ನೋಡಬೇಕು. ನಾವು ಅವಕ್ಕೆ ಬ್ರ್ಯಾಕ್ಟ್ ಎನ್ನುತ್ತೇವೆ. ಕೆಲವಕ್ಕೆ ಅವು ಹೂವಿಗೆ ಒತ್ತಿಕೊಂಡಿರುತ್ತವೆ, ಕೆಲವಕ್ಕೆ ಹೊರಗೆ ಬಾಗಿರುತ್ತವೆ. ಕೊನೆಗೆ ಎಲೆ ಹೊಸಕಿ ಮೂಸಬೇಕು. ಮೂಸುವುದಕ್ಕೆ ಒಂದು ಎಲೆ ಕೀಳಲು ಕೈ ಚಾಚಿದೆ. ಪಾರ್ಕಿನಲ್ಲಿ ಕೀಳುವಂತಿಲ್ಲ ಎಂದರು. ಪಾರ್ಕಿನ ಹೊರಗೆ ಕೀಳಬಹುದು ಎಂದು ನಾನು ಅರ್ಥ ಮಾಡಿಕೊಂಡೆ.

ಹ್ಯೂಸ್ಟನ್

ಸವಿತಾ ನನ್ನನ್ನು ಹ್ಯೂಸ್ಟನ್ ಬಸ್ಸಿಗೆ ಹತ್ತಿಸಿದಳು. ಪಕ್ಕದ ಸೀಟಿನಾಕೆ ದಾರಿಯುದ್ದಕ್ಕೂ ಒಂದು ಮಾತೂ ಆಡದೆ, ಇಳಿಯುವಾಗ ಮಾತ್ರ ನಿಮ್ಮ ಪ್ರಯಾಣ ಚೆನ್ನಾಗಿರಲಿ ಎಂದು ಹಾರೈಸಿದಳು. ಹುಬ್ಬಳ್ಳಿ ಬಸ್ಸಿನಲ್ಲಾದರೆ ಅಷ್ಟು ಹೊತ್ತಿಗೆ ನನ್ನ ಗೋತ್ರವೂ ಅವಳ ಸೊಸೆಯ ದೋಷಗಳೂ ವಿನಿಮಯವಾಗಿರುತ್ತಿದ್ದವು.

ತಂಗಿಯ ಗಂಡ ಅರವಿಂದ ಅಡಿಗೆಮನೆಯ ಗ್ರಾನೈಟ್ ಕಟ್ಟೆ ಹಾಕಿಸಿಕೊಡುವ ವ್ಯಾಪಾರ ಮಾಡುತ್ತಾರೆ, ಹುಬ್ಬಳ್ಳಿಯವರು. ಕೆಲಸದ ಮೇಲೆ ಆಸ್ಟಿನ್‌ನಿಂದ ಹ್ಯೂಸ್ಟನ್ ಪಕ್ಕದ ವುಡ್‌ಲ್ಯಾಂಡ್ಸ್‌ಗೆ ಬಂದಿದ್ದರು. ಅಲ್ಲಿಯ ಕನ್ನಡದವರ ಮನೆಯಲ್ಲಿ ಚಹಾ ಕುಡಿದು ನನ್ನನ್ನು ಕರೆದೊಯ್ಯುವುದೆಂದು ನಿಗದಿಯಾಗಿತ್ತು. ಅವರ ಹಿತ್ತಲಲ್ಲಿ ನೀಲಿ ಜೊಂಪೆ ಹೂವಿನ ಗಿಡ. ನಮ್ಮ ಹೊಲದ ಬದುವಿನಲ್ಲಿ ಬೆಳೆಯುವ ಕಳೆಯ ಥೇಟು ನಕಲು. "ಇದು ಕಳೆ, ಹಬ್ಬಿತೆಂದರೆ ಬಿಡುವುದಿಲ್ಲ," ಎಂದು ಹೇಳುತ್ತಲೇ ಒಂದನ್ನು ಬೇರುಸಹಿತ ಕಿತ್ತು ಮನೆಯಾಕೆಯ ಕೈಗೆ ಕೊಟ್ಟೆ. ಆ ಹೆಣ್ಣುಮಗಳು ಬುಡದಲ್ಲಿ ಚುಚ್ಚಿದ್ದ ನರ್ಸರಿಯ ಚೀಟಿ ತೋರಿಸಿದಳು. ಚಿಟ್ಟೆ ಬರಲೆಂದು ತಂದು ನೆಟ್ಟ, ಇಲ್ಲಿಯದೇ ಗಿಡ.

ಕಾರಿನಲ್ಲಿ ಅರವಿಂದ ಹೇಳಿದರು, "ಅಕ್ಕಾರ, ನಮ್ಮ ಮನ್ಯಾಗ ಏನರ ಕೀಳೂದಿದ್ರ ಒಂದ್ ಮಾತು ಹೇಳ್ರಿ." ತಮಾಷೆಗೆ ಅಂದದ್ದು. ನಾನೂ ನಕ್ಕೆ.

ರೌಂಡ್ ರಾಕ್, ಶುಕ್ರವಾರ

ತಂಗಿಯ ಮನೆ ಆಸ್ಟಿನ್‌ನ ಉತ್ತರಕ್ಕೆ, ರೌಂಡ್ ರಾಕ್‌ನಲ್ಲಿ. ಎಲ್ಲ ಸೊಗಸಾಗಿತ್ತು, ದೇವರ ಮನೆಯೊಂದನ್ನು ಬಿಟ್ಟು. ಅಲ್ಲಿ ದೇವರ ಮೇಲೆ ಪ್ಲಾಸ್ಟಿಕ್ ಹೂ.

"ವರ್ಷದಾಗ ಎರಡ ಸಲ ತೊಳೀತೀನಿ," ಎಂದಳು ತಂಗಿ ವಿಜಿ, ಸಮರ್ಥನೆಯಂತೆ.

ಧಾರವಾಡದಲ್ಲಿ ನಮ್ಮ ಬಡಾವಣೆಯ ಪದ್ಧತಿ ಬಲ್ಲವರು ಬಲ್ಲರು. ಬೆಳಿಗ್ಗೆ ವಾಕಿಂಗ್ ಹೋಗುವವರ ಕೈಯಲ್ಲಿ ಒಂದು ಚೀಲ. ಕಂಪೌಂಡಿನ ಒಳಗಿನ ಹೂ ಮನೆಯವರದು, ಗೋಡೆ ದಾಟಿ ಹೊರಗೆ ಬಾಗಿದ್ದು ದೇವರದು. ಯಾರೂ ಕೇಳುವುದಿಲ್ಲ. ಕೇಳಿದರೆ ಒಲ್ಲೆ ಅನ್ನಲು ಅವಕಾಶ ಕೊಟ್ಟಂತಾಗುತ್ತದೆ. ನನ್ನ ದಾಸವಾಳವನ್ನು ಹೀಗೆ ದೋಚುವವರ ಮೇಲೆ ನಾನೂ ಕೂಗಾಡಿದ್ದೇನೆ, ಕೂಗಾಡಿ ಮುಗಿಸಿ ಚೀಲ ಹಿಡಿದು ಮುಂದಿನ ಬೀದಿಯ ಕಣಗಿಲೆಗೆ ಹೋಗಿದ್ದೇನೆ.

ಶುಕ್ರವಾರ ಬೆಳಿಗ್ಗೆ ವಾಕಿಂಗ್ ಹೊರಟೆ. ನಾಲ್ಕು ಮನೆ ದಾಟುವಷ್ಟರಲ್ಲಿ ಕಾಲುದಾರಿಗೂ ರಸ್ತೆಗೂ ನಡುವಿನ ಪಟ್ಟಿಯಲ್ಲಿ ಪೊದೆಯಂಥ ಗಿಡಗಳು, ಮೊಣಕಾಲೆತ್ತರ, ತುಂಬ ನೇರಳೆ ಹೂ. ಡಲ್ಲಾಸಿನದಕ್ಕಿಂತ ಗಾಢ ಬಣ್ಣ. ಉಳಿದವರ ಹುಲ್ಲು ಒಪ್ಪವಾಗಿ ಕತ್ತರಿಸಿದ್ದರೆ ಇದು ಮಾತ್ರ ಹೇಗೆಂದರೆ ಹಾಗೆ ಬೆಳೆದಿತ್ತು. ಗೋಡೆಯಿಲ್ಲ, ಬೇಲಿಯಿಲ್ಲ, ಪಾರ್ಕೂ ಅಲ್ಲ. ರಸ್ತೆ ಬದಿಯ ಕಾಡು ಹೂ ಅಂದುಕೊಂಡೆ. ಪೂಜೆಗೆ ಕೀಳುವಂತೆ ತೊಟ್ಟಿಲ್ಲದೆ ಹೂಗಳನ್ನಷ್ಟೇ ಕಿತ್ತೆ. ಅರಳಿದ್ದನ್ನು ಒಂದೂ ಬಿಡಲಿಲ್ಲ. ಮೊಗ್ಗು ಮುಟ್ಟಲಿಲ್ಲ, ಅಷ್ಟು ನಿಯಮ ನನಗೂ ಇದೆ.

ಪ್ಲಾಸ್ಟಿಕ್ ತೆಗೆದು ಲಕ್ಷ್ಮಿಗೆ ನೇರಳೆ ಏರಿಸಿ, ಮಂಗಳಾರತಿ ಮುಗಿಸಿ, ಉಪ್ಪಿಟ್ಟಿಗೆ ಕೂತಾಗ ಬಾಗಿಲ ಗಂಟೆ ಬಾರಿಸಿತು. ಬಾಗಿಲಲ್ಲಿ ತೆಳ್ಳಗಿನ, ಎತ್ತರದ ಮುದುಕಿ. ವಿಜಿ ಪರಿಚಯಿಸಿದಳು. ನಾಲ್ಕನೆಯ ಮನೆಯ ಡೋರಿಸ್.

"ನಿಮ್ಮ ಗಿಡಗಳನ್ನೂ ಜಿಂಕೆ ತಿಂದಿದೆಯೇ?" ಎಂದು ಕೇಳಿದಳು ಡೋರಿಸ್. "ನನ್ನ ಹೂ ನಿನ್ನೆ ಸಂಜೆ ತುಂಬಿ ಅರಳಿದ್ದವು. ಈಗ ನೋಡಿದರೆ ಒಂದೂ ಇಲ್ಲ. ಹನ್ನೊಂದು ವರ್ಷದಲ್ಲಿ ಜಿಂಕೆ ಆ ಗಿಡ ಮುಟ್ಟಿದ್ದೇ ಇಲ್ಲ."

ದೇವರ ಮನೆಯ ಬಾಗಿಲು ನನ್ನ ಬೆನ್ನ ಹಿಂದೆ ತೆರೆದೇ ಇತ್ತು. ವಿಜಿ ಒಮ್ಮೆ ಅತ್ತ ನೋಡಿದಳು, ಒಮ್ಮೆ ನನ್ನ ಮುಖ ನೋಡಿದಳು, ಆಮೇಲೆ ನಿಧಾನವಾಗಿ ಎದ್ದುಹೋಗಿ ಆ ಬಾಗಿಲು ಮುಚ್ಚಿ ಬಂದಳು.

ಡೋರಿಸ್ ಕುಳಿತು ಎಲ್ಲ ಹೇಳಿದಳು. ಆ ಗಿಡ ಅವಳ ತಂದೆಯ ಜಮೀನಿನದು. ಜಮೀನು ಮಾರುವ ಮೊದಲು ಒಂದು ಬುಟ್ಟಿ ಬೇರು ಅಗೆದು ತಂದು ಇಲ್ಲಿ ನೆಟ್ಟಿದ್ದಳು. ಆ ಜಮೀನಿನಲ್ಲಿ ಈಗ ಅಂಗಡಿಗಳ ಸಾಲು, ಗಿಡ ಉಳಿದಿರುವುದು ಇಲ್ಲಿ ಮಾತ್ರ. ಕಾಲೋನಿಯ ಸಂಘದವರು ಇದು ಕಳೆ, ಕತ್ತರಿಸಿ, ಇಲ್ಲವಾದರೆ ನಾವೇ ಕತ್ತರಿಸುತ್ತೇವೆ ಎಂದು ಕಾಗದ ಕಳಿಸಿದ್ದರು. ಈ ಸೀಮೆಯ ಮೂಲ ಗಿಡಗಳ ಪಟ್ಟಿಯೊಂದು ಅವರಲ್ಲಿದೆ. ಅದರಲ್ಲಿರುವ ಗಿಡವೆಂದು ತೋರಿಸಿದರೆ ಬಿಡುತ್ತಾರೆ. ತೋರಿಸಲು ಹೆಸರು ಬೇಕು.

"ಅಪ್ಪ ಇದಕ್ಕೆ ಅಕ್ಟೋಬರ್ ಹೂ ಅನ್ನುತ್ತಿದ್ದ," ಎಂದಳು. "ಆ ಹೆಸರು ಪಟ್ಟಿಯಲ್ಲಿಲ್ಲ. ಎಲೆ ನೋಡಿ ನರ್ಸರಿಯವರು ನಾಲ್ಕು ಹೆಸರು ಹೇಳಿದರು, ಹೂ ಬಂದ ಮೇಲೆ ತನ್ನಿ ಅಂದರು. ಇವತ್ತು ಒಯ್ಯಬೇಕು ಅಂದುಕೊಂಡಿದ್ದೆ. ಸಂಘದವರು ನಾಳೆ ಹತ್ತು ಗಂಟೆಗೆ ಬರುತ್ತಾರೆ."

ವಿಜಿಗೆ ಏನು ಹೊಳೆಯಿತೋ, "ನಮ್ಮ ಅಕ್ಕ ಬಾಟನಿ ಪ್ರೊಫೆಸರ್," ಎಂದುಬಿಟ್ಟಳು. ಡೋರಿಸ್ ನನ್ನ ಕೈ ಹಿಡಿದುಕೊಂಡಳು. ಆ ಕೈಯಲ್ಲಿ ಆ ಗಿಡದ ವಾಸನೆ ಇನ್ನೂ ಇತ್ತು.

ಅದೇ ಶುಕ್ರವಾರ, ಮಧ್ಯಾಹ್ನ

ನನ್ನ ಪರ್ಸಿನಲ್ಲಿ ಕುಂಕುಮದ ಭರಣಿಯೂ ಕೈಲೆನ್ಸೂ ಯಾವಾಗಲೂ ಇರುತ್ತವೆ. ಡೋರಿಸ್ ಜೊತೆ ಹೋಗಿ ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತೆ. ಕಾಂಡ ಗಡುಸು. ಎಲೆ ಸಣ್ಣದು, ಉದ್ದಕ್ಕೆ, ತೊಟ್ಟಿಲ್ಲದೆ ಕಾಂಡ ಹಿಡಿದುಕೊಂಡದ್ದು. ಬುಡದ ಎಲೆಗಳು ಆಗಲೇ ಉದುರಿದ್ದವು, ಹೃದಯದ ಆಕಾರ ಇತ್ತೇ ಇಲ್ಲವೇ ಹೇಳಲು ಬರುವಂತಿರಲಿಲ್ಲ. ಹೊಸಕಿದರೆ ಕರ್ಪೂರಕ್ಕೆ ಹತ್ತಿರದ ಕಂಪು. ನರ್ಸರಿಯವರು ಹೇಳಿದ ನಾಲ್ಕು ಹೆಸರಲ್ಲಿ ನನ್ನ ಮನಸ್ಸು ಒಂದಕ್ಕೆ ಬಂದು ನಿಂತಿತು. ಆದರೆ ಖಾತ್ರಿಯಾಗಲು ಬ್ರ್ಯಾಕ್ಟ್ ನೋಡಬೇಕು. ಮೊಗ್ಗು ಇನ್ನೂ ಬಿಗಿಯಾಗಿದ್ದವು, ಅರಳಲು ನಾಲ್ಕೈದು ದಿನ ಬೇಕು.

"ಹೂ ಒಂದು ಸಿಕ್ಕಿದ್ದರೆ," ಎಂದಳು ಡೋರಿಸ್. ನಾನು ತಲೆ ಮೇಲೆತ್ತಲಿಲ್ಲ. ಹೂ ಎಲ್ಲಿವೆ ಎಂದು ಇಡೀ ಟೆಕ್ಸಸ್‌ನಲ್ಲಿ ಗೊತ್ತಿದ್ದುದು ಇಬ್ಬರಿಗೇ. ಆಗಲೇ ಹೇಳಿಬಿಡಬೇಕಿತ್ತು. ಅದರ ಬದಲು ಒಂದು ಟೊಂಗೆ ಕತ್ತರಿಸಿಕೊಳ್ಳಲೇ ಎಂದು ಕೇಳಿ, ಕತ್ತರಿಸಿಕೊಂಡು ಬಂದೆ.

ಮನೆಗೆ ಬಂದು ದೇವರ ಮನೆಗೆ ನಡೆದೆ. ವಿಜಿ ಬಾಗಿಲಿಗೆ ಅಡ್ಡ ನಿಂತಳು.

"ಏರಿಸಿದ ಹೂ ಇವತ್ತ ತೆಗೀತಾರೇನ ಅಕ್ಕಾ?"

"ಕದ್ದ ಹೂ ಏರಸ್ತಾರೇನ?"

"ಕಳುವು ಅಂತ ಯಾಕ ಅಂತೀ. ಆಕಿ ಜಿಂಕಿ ಅಂತ ತಿಳಕೊಂಡಾಳ, ಹಂಗ ಬಿಡು. ನೀ ಮುಂದಿನ ವಾರ ಹೋಗೋಕಿ, ನಾ ಇಲ್ಲೇ ಇರೋಕಿ. ಈ ಓಣ್ಯಾಗ ನಮ್ದೊಂದ ಇಂಡಿಯನ್ ಮನಿ. ನಾಳೆ ಏನರ ಕಳೀತಂದ್ರ ಎಲ್ಲಾರೂ ನಮ್ಮ ಕಡೆ ನೋಡ್ಬೇಕೇನ?"

ಅವಳ ಕಣ್ಣಲ್ಲಿ ನೀರಿತ್ತು. ನನಗೆ ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆಯಾಯಿತು. ಹೆಸರು ಗುರುತಿಸಿ ಕೊಡುತ್ತೇನೆ, ಉಳಿದದ್ದು ನೋಡೋಣ ಎಂದೆ. ಅವಳೇ ಲಕ್ಷ್ಮಿಗೆ ಕೈಮುಗಿದು ಹೂಗಳನ್ನು ತಟ್ಟೆಗೆ ಇಳಿಸಿಕೊಟ್ಟಳು.

ಒಂದು ಹೂ ಮಗುಚಿ ಲೆನ್ಸ್ ಹಿಡಿದೆ. ಕೆಳಗಿನ ಸಣ್ಣ ಹಸಿರು ಎಲೆಗಳೆಲ್ಲ ಹೊರಗೆ ಬಾಗಿದ್ದವು. ಅವುಗಳ ಮೇಲೆ ಅಂಟಂಟಾದ ಚಿಕ್ಕ ಚಿಕ್ಕ ಗುಳ್ಳೆ, ಗುಳ್ಳೆಗೆ ಮೆತ್ತಿಕೊಂಡ ಕುಂಕುಮ. ಇನ್ನು ಅನುಮಾನವಿಲ್ಲ. ಕಂಪಿನ ಎಲೆಯ ಆಸ್ಟರ್, ಹಳೆಯ ಪುಸ್ತಕದ ಆಸ್ಟರ್, ಹೊಸ ಹೆಸರು ಸಿಂಫಿಯೋಟ್ರೈಕಮ್ ಆಬ್ಲಾಂಗಿಫೋಲಿಯಂ. ತಂಗಿಯ ಮಗಳು, ಹದಿನೈದು ವರ್ಷದ ಅನಘಾ, ಸಂಘದ ಪಟ್ಟಿಯನ್ನು ಫೋನಿನಲ್ಲಿ ತೆರೆದು ತೋರಿಸಿದಳು. ಹೆಸರು ಅದರಲ್ಲಿತ್ತು.

ಬರೀ ಬಾಯಿಮಾತಿಗೆ ಸಂಘದವರು ಒಪ್ಪುತ್ತಾರೆಯೇ? ಶೀಟು ಮಾಡಿದೆ. ಒಣಗಲು ಎಂಟು ದಿನ ಬೇಕು, ಇದ್ದದ್ದು ಒಂದು ಸಂಜೆ. ಪೇಪರಿನ ನಡುವೆ ಇಟ್ಟು ಇಸ್ತ್ರಿ ಮಾಡಿದೆ. ಅಂಚು ಕಂದಾಯಿತು. ಸವಿತಾ ನೋಡಿದ್ದರೆ ಜೀವಮಾನಕ್ಕೆ ಸಾಕಾಗುವಷ್ಟು ನಗುತ್ತಿದ್ದಳು.

ಟೊಂಗೆ ನಡುವೆ, ಪಕ್ಕದಲ್ಲಿ ಆರು ಹೂ, ಮೂರು ನೆಟ್ಟಗೆ, ಮೂರು ಮಗುಚಿ. ಕೆಳಗೆ ಬಲಮೂಲೆಯಲ್ಲಿ ಚೀಟಿ. ಗಿಡದ ಹೆಸರು ಬರೆದೆ. ಸ್ಥಳ ಬರೆದೆ. ದಿನಾಂಕ ಬರೆದೆ. ಆಮೇಲೆ ಪೆನ್ನು ನಿಂತಿತು. ಸಂಗ್ರಹಿಸಿದವರು.

ಅನಘಾ ಇಂಗ್ಲಿಷಿನಲ್ಲಿ ಕೇಳಿದಳು, ಅಲ್ಲಿ ಖಾಲಿ ಬಿಟ್ಟರೆ ಏನಾಗುತ್ತದೆ ದೊಡ್ಡಮ್ಮ ಎಂದು. ಏನೂ ಆಗುವುದಿಲ್ಲ, ಸಂಘದವರಿಗೆ ಅದು ಬೇಕಾಗಿಯೂ ಇಲ್ಲ. ನಾನು ಎಷ್ಟು ಹುಡುಗಿಯರ ಶೀಟು ವಾಪಸ್ ಒಗೆದಿದ್ದೇನೆ ಎಂದು ಲೆಕ್ಕ ಹಾಕುತ್ತ ಕೂತೆ. ವಿಜಿ ಅಡಿಗೆಮನೆಯಿಂದ ನೋಡುತ್ತಿದ್ದಳು. "ಬರಿ," ಎಂದಳು ಕೊನೆಗೆ. "ನಿನಗ ನಿದ್ದಿ ಬರೂದಿಲ್ಲ, ನನಗೂ ಬರೂದಿಲ್ಲ." ಬರೆದೆ.

ಶನಿವಾರ

ಒಂಬತ್ತಕ್ಕೆ ಡೋರಿಸ್ ಮನೆಗೆ ಹೋದೆವು, ಅಕ್ಕತಂಗಿ ಇಬ್ಬರೂ. ಶೀಟು ಅವಳ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಹೂ ನೋಡಿದಳು, ಬೆರಳಿಂದ ಮುಟ್ಟಲು ಹೋಗಿ ಮುಟ್ಟಲಿಲ್ಲ. ಆಮೇಲೆ ಚೀಟಿ ಓದಿದಳು. ಎರಡನೆಯ ಸಲ ಓದಿದಳು.

"ಹಾಗಾದರೆ ಜಿಂಕೆಯಲ್ಲ."

"ಅಲ್ಲ."

"ಯಾಕೆ?"

"ದೇವರಿಗೆ," ಎಂದೆ. ನಮ್ಮೂರಿನ ಪದ್ಧತಿ, ಗೋಡೆ, ಗೋಡೆಯಿಂದಾಚೆಯ ಹೂ ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಅದು ನನಗೇ ಪೊಳ್ಳಾಗಿ ಕೇಳಿಸಿತು. ತಪ್ಪಾಯಿತು ಎಂದೆ.

ಡೋರಿಸ್ ಕನ್ನಡಕ ತೆಗೆದಳು. "ನನ್ನನ್ನು ಕೇಳಬಹುದಿತ್ತು," ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಸಹಿಸುವುದು ಸುಲಭವಿತ್ತು.

ಹತ್ತಕ್ಕೆ ಸಂಘದವನು ಬಂದ. ಚೌಕಟ್ಟಿಲ್ಲದ ಕನ್ನಡಕದ, ಗಡಿಬಿಡಿಯ ಮನುಷ್ಯ. ಶೀಟು ನೋಡಿದ, ಪಟ್ಟಿ ನೋಡಿದ, ಗಿಡದ ಹತ್ತಿರ ಹೋಗಿ ಎಲೆಗೆ ಎಲೆ ಹೋಲಿಸಿದ. ಈ ಕೆಂಪು ಪುಡಿ ಏನು ಎಂದು ಕೇಳಿದ. ವಿಜಿಯ ಮುಖ ಬಿಳಿಚಿತು.

"ಅದು ಗಿಡದ್ದಲ್ಲ," ಎಂದಳು ಡೋರಿಸ್. "ಸಂಗ್ರಹಿಸಿದವರ ಹೆಸರು ಕೆಳಗೆ ಇದೆ. ಇವರೇ, ಸಸ್ಯಶಾಸ್ತ್ರಜ್ಞೆ. ಇಂಡಿಯಾದಿಂದ ಬಂದಿದ್ದಾರೆ."

ಅವನು ನನ್ನ ಕೈ ಕುಲುಕಿದ. ಗಿಡ ಇರಬಹುದು, ಆದರೆ ಸುತ್ತ ಏನಾದರೂ ಅಂಚು ಕಟ್ಟಿ, ತಾನಾಗಿ ಬೆಳೆದದ್ದಲ್ಲ ಎಂದು ಗೊತ್ತಾಗಲಿ ಎಂದು ಬರೆದುಕೊಟ್ಟು ಹೋದ. ಮಧ್ಯಾಹ್ನ ಅರವಿಂದ ತಮ್ಮ ಅಂಗಡಿಯಿಂದ ಗ್ರಾನೈಟಿನ ತುಂಡುಗಳನ್ನು ತಂದರು. ನಾವೆಲ್ಲ ಸೇರಿ ಪಟ್ಟಿಯ ಸುತ್ತ ಒಂದು ಗೇಣೆತ್ತರ ಜೋಡಿಸಿದೆವು. ವಿಜಿ ಮತ್ತು ಡೋರಿಸ್ ಆರು ವರ್ಷದಲ್ಲಿ ಆಡಿದ್ದಕ್ಕಿಂತ ಹೆಚ್ಚು ಮಾತು ಅಂದು ಆಡಿದರು. ಹೆಚ್ಚಿನದು ಜಿಂಕೆಗಳ ಬಗ್ಗೆ.

ಮುಂದಿನ ಶುಕ್ರವಾರ

ನಾನು ಹೊರಡುವ ದಿನ. ಬೆಳಿಗ್ಗೆ ವಾಕಿಂಗ್ ಹೋದಾಗ ಮೊಗ್ಗುಗಳು ಅರಳಿದ್ದವು, ಇಪ್ಪತ್ತು ಇಪ್ಪತ್ತೈದು. ಕೈಗಳನ್ನು ಹಿಂದೆ ಕಟ್ಟಿಕೊಂಡು ನಿಂತು ನೋಡಿದೆ. ಆಮೇಲೆ ಹೋಗಿ ಡೋರಿಸ್ ಮನೆಯ ಗಂಟೆ ಒತ್ತಿದೆ. ಅರವತ್ತೆರಡು ವರ್ಷದಲ್ಲಿ ಹೂ ಬೇಕೆಂದು ಒಬ್ಬರ ಬಾಗಿಲು ತಟ್ಟಿದ್ದು ಅದೇ ಮೊದಲು.

"ಪೂಜೆಗೆ ಎರಡು ಹೂ ಬೇಕಾಗಿತ್ತು," ಎಂದೆ. "ಕೀಳಬಹುದೇ?"

ಡೋರಿಸ್ ಹೊರಗೆ ಬಂದು ಗಿಡ ನೋಡಿದಳು, ನನ್ನನ್ನು ನೋಡಿದಳು. ನಿಜವಾಗಿ ಯೋಚಿಸಿದಳು.

"ಈ ವರ್ಷ ಬೇಡ," ಎಂದಳು. "ಉಳಿದಿರುವುದು ಇಷ್ಟೇ. ಬೀಜವಾಗಲಿ."

ಆಗಲಿ ಎಂದೆ. ಕೇಳಿದ್ದಕ್ಕೆ ಅವಳು ಥ್ಯಾಂಕ್ಸ್ ಹೇಳಿದಳು.

ಮನೆಗೆ ಬಂದು ಡಬ್ಬದಲ್ಲಿ ಎತ್ತಿಟ್ಟಿದ್ದ ಪ್ಲಾಸ್ಟಿಕ್ ಹೂಗಳನ್ನು ತೆಗೆದೆ. ಸೋಪಿನ ನೀರಿನಲ್ಲಿ ಒಂದೊಂದೇ ತೊಳೆದು, ಒರೆಸಿ, ಲಕ್ಷ್ಮಿಗೆ ಏರಿಸಿದೆ.